ಡ್ಯಾಶ್‌ಬೋರ್ಡಿನ ಸದ್ದು, ಶುಕ್ರವಾರದ ಸ್ತೋತ್ರ

ವಾನ್ ಡೈಕ್ ರಸ್ತೆಯ ಸಿಗ್ನಲ್‌ಗಳೆಲ್ಲ ಹಸಿರೇ ಸಿಕ್ಕವು ಅಂತ ಒಬ್ಬಳು ದೇವರಿಗೆ ಸ್ತೋತ್ರ ಹೇಳಿದಳು. ಅದಕ್ಕೆ ನನ್ನ ಹೊಟ್ಟೆ ಉರಿಯಿತು. ಮನೆ, ಒಡವೆ, ಪ್ರಮೋಶನ್ ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ, ನಾನೂ ಉರಿದುಕೊಂಡಿದ್ದೇನೆ. ಸಿಗ್ನಲ್ ದೀಪಕ್ಕೆ ಉರಿದುಕೊಂಡವಳು ಮಾತ್ರ ನಾನೊಬ್ಬಳೇ ಇರಬೇಕು.

ನಮ್ಮದು ಡೆಟ್ರಾಯಿಟ್ ಕಡೆಯ ಕನ್ನಡ ಕ್ರೈಸ್ತರ ಸಣ್ಣ ಕೂಟ. ಪ್ರತಿ ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ, ಕೊನೆಗೆ ಊಟ. ಊಟಕ್ಕೆ ಮುಂಚೆ ಒಂದು ಪದ್ಧತಿ ಇದೆ. ಸುತ್ತ ಕೂತವರು ಒಬ್ಬೊಬ್ಬರಾಗಿ ಆ ವಾರ ತಮಗೆ ಸಿಕ್ಕ ಒಂದು ಸಂತೋಷವನ್ನು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಬೇಕು. ದೊಡ್ಡದನ್ನು ತರಬೇಡಿ, ದಿನದ ಬದುಕಿನದನ್ನು ತನ್ನಿ ಅಂತ ಕೂಟದ ಹಿರಿಯರ ಕಟ್ಟಪ್ಪಣೆ. ಗ್ರೀನ್ ಕಾರ್ಡ್ ಬಂದರೆ ಯಾರು ಬೇಕಾದರೂ ಸ್ತೋತ್ರ ಹೇಳುತ್ತಾರೆ, ಬೆಳಗಿನ ಚಹಾಕ್ಕೆ ಹೇಳುವವರು ಬೇಕು ಅನ್ನುತ್ತಾರೆ ಅವರು.

ನನ್ನ ಸರದಿ ಬಂದಾಗ ‘ಎಲ್ಲರ ಆರೋಗ್ಯಕ್ಕಾಗಿ ಸ್ತೋತ್ರ’ ಎಂದು ಹೇಳಿ ಮುಗಿಸುತ್ತಿದ್ದೆ. ವರ್ಷಗಟ್ಟಲೆ ಅದೇ ಪಾಠ. ಮನೆಮಂದಿಗೆಲ್ಲ ಜ್ವರ ಬಂದ ವಾರವೂ ಅದನ್ನೇ ಒಪ್ಪಿಸಿ ಎಲ್ಲರನ್ನೂ ನಗಿಸಿದ್ದುಂಟು. ಆದರೆ ಹಾಸನದವಳೊಬ್ಬಳು ನಮ್ಮ ಕೂಟಕ್ಕೆ ಬಂದಾಗಿನಿಂದ ನನ್ನ ಆ ಒಂದು ಸಾಲು ನನಗೇ ಹಳಸಿದ ಅನ್ನದ ಹಾಗೆ ಕಾಣತೊಡಗಿತು. ಅವಳು ನನ್ನ ಲ್ಯಾಬಿನಲ್ಲೇ ಕೆಲಸ ಮಾಡುತ್ತಾಳೆ, ನನಗಿಂತ ಹದಿನೈದು ವರ್ಷ ಚಿಕ್ಕವಳು.

“ಅಂಕಲ್, ಮಂಗಳವಾರ ಲ್ಯಾಬಿಂದ ಮನೇವರ್ಗೂ ಒಂದು ಸಿಗ್ನಲ್ ಕೂಡ ಕೆಂಪಾಗ್ಲಿಲ್ಲ,” ಎಂದಳು ಅವತ್ತು, ಹಿರಿಯರ ಕಡೆ ತಿರುಗಿ. “ಒಂದೇ ಒಂದು! ಕಾರಲ್ಲಿ ಒಬ್ಳೇ ಕೂತು ಕೂಗ್ಬಿಟ್ಟೆ. ದೇವರಿಗೆ ಸ್ತೋತ್ರ.”

ಎಲ್ಲರೂ ನಕ್ಕರು, ಮನಸಾರೆ ಆಮೆನ್ ಅಂದರು. ನನ್ನ ಆರೋಗ್ಯದ ಸ್ತೋತ್ರಕ್ಕೆ ಅಷ್ಟು ಗಟ್ಟಿಯಾದ ಆಮೆನ್ ಯಾವತ್ತೂ ಬಿದ್ದಿರಲಿಲ್ಲ.

ಅವಳ ಹತ್ತಿರ ಇರುವುದಾದರೂ ಏನು? ಗಂಡ ಹಾಸನದಲ್ಲಿದ್ದಾನೆ, ಅವನ ವೀಸಾ ಎರಡು ವರ್ಷದಿಂದ ಒಂದಲ್ಲ ಒಂದು ಕಾರಣಕ್ಕೆ ನಿಂತಿದೆ. ಅವಳು ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಅಡಿಗೆ ಮಾಡಿ ಒಬ್ಬಳೇ ಉಣ್ಣುತ್ತಾಳೆ. ನನಗೆ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಸ್ವಂತ ಮನೆ ಇದೆ, ಮಾತು ಕೇಳುವ ಗಂಡ ಇದ್ದಾನೆ, ಮಾತು ಕೇಳದ ಮಗಳಿದ್ದಾಳೆ. ತೂಗಿದರೆ ನನ್ನ ಕಡೆಯ ತಕ್ಕಡಿಯೇ ನೆಲ ಮುಟ್ಟುತ್ತದೆ. ಆದರೆ ಖುಷಿ ಮಾತ್ರ ಅವಳ ಕಡೆ. ಅದನ್ನು ಯಾವ ಅಂಗಡಿಯಿಂದ ತರುತ್ತಾಳೆ ಎಂದು ತಿಳಿಯದೆ ನನಗೆ ನಿದ್ದೆಗೆಡುವಷ್ಟು ಸಂಕಟವಾಗುತ್ತಿತ್ತು.

“ಮಂಗಳವಾರ ನಾನೂ ಅದ ರಸ್ತ್ಯಾಗ ಬಂದೇನಿ,” ಎಂದೆ ಗಂಡನಿಗೆ, ಮನೆಗೆ ಡ್ರೈವ್ ಮಾಡುವಾಗ. “ನನಗ ಎಲ್ಲಾ ಕೆಂಪೇ ಸಿಕ್ಕಿದ್ವು.”

ಹಿಂದಿನ ಸೀಟಿನಿಂದ ಮಗಳು, “ಅಮ್ಮಾ, ಆರ್ ಯು ಜೆಲಸ್ ಆಫ್ ಎ ಟ್ರಾಫಿಕ್ ಲೈಟ್?” ಅಂದಳು.

ಗಂಡ ನಕ್ಕ. ನಾನು ನಗಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜವಾಗಿತ್ತು.

ಇನ್ನು ಕೆಲಸದ ವಿಷಯ. ವಾರೆನ್‌ನಲ್ಲಿ ಕಾರಿನ ಒಳಭಾಗಗಳನ್ನು ಪರೀಕ್ಷಿಸುವ ಲ್ಯಾಬೊಂದರಲ್ಲಿ ನಾನು ಎಂಜಿನಿಯರ್. ಕಾರು ಓಡುವಾಗ ಡ್ಯಾಶ್‌ಬೋರ್ಡು, ಬಾಗಿಲು, ಸೀಟು ಮಾಡುವ ಕಿರಿಕಿರಿ ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಿ ಅದನ್ನು ನಿಲ್ಲಿಸುವುದು ನಮ್ಮ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಕಿವಿ ತಪ್ಪು ಹುಡುಕುವುದನ್ನೇ ಚಟ ಮಾಡಿಕೊಳ್ಳುತ್ತದೆ. ಆರಾಧನೆಯಲ್ಲಿ ಎಲ್ಲರಿಗೂ ಹಾಡು ಕೇಳಿಸುವಾಗ ನನಗೆ ಕೀಬೋರ್ಡಿನ ಸ್ಟ್ಯಾಂಡ್ ಅಲುಗುವುದು ಕೇಳಿಸುತ್ತದೆ.

ಆ ಜನವರಿಯಲ್ಲಿ ನಮ್ಮ ಪಾಲಿಗೆ ಒಂದು ಹೊಸ ಮಾದರಿಯ ಕಾರು ಬಂದಿತ್ತು. ಬೆಚ್ಚಗಿದ್ದಾಗ ಬಾಯಿ ಬಿಡುತ್ತಿರಲಿಲ್ಲ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಮೈನಸ್ ಹದಿನೆಂಟು ಸೆಲ್ಸಿಯಸ್ಸಿಗೆ ಇಳಿಸಿ ಹಾಳು ರಸ್ತೆಯ ಕುಲುಕಾಟ ಕೊಟ್ಟರೆ ಡ್ಯಾಶ್‌ಬೋರ್ಡು ಕಿರ್ ಎನ್ನುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ನಡುವೆ. ಕಾರ್ ಕಂಪನಿಯವರು ಎರಡು ವಾರ ಬಿಟ್ಟು ಒಂದು ಸೋಮವಾರ ತಾವೇ ಬಂದು ಒಳಗೆ ಕೂತು ಕೇಳುವವರಿದ್ದರು. ಅಷ್ಟರಲ್ಲಿ ಸದ್ದು ನಿಲ್ಲದಿದ್ದರೆ ಆ ಕಾರಿನ ಮುಂದಿನ ಪರೀಕ್ಷೆಗಳೆಲ್ಲ ಬೇರೆ ಲ್ಯಾಬಿಗೆ ಹೋಗುತ್ತವೆ ಎಂದು ನಮ್ಮ ಮ್ಯಾನೇಜರ್ ಹೇಳಿದ. ಕೆಲಸ ಕಡಿಮೆಯಾದರೆ ಮನೆಗೆ ಹೋಗುವುದು ಕೊನೆಗೆ ಸೇರಿದವರು. ಕೊನೆಗೆ ಸೇರಿದವಳು ಹಾಸನದವಳು. ಕೆಲಸ ಹೋದರೆ ಅವಳ ವೀಸಾ ಹೋಗುತ್ತದೆ, ಅವಳ ವೀಸಾ ಹೋದರೆ ಗಂಡ ಬರುವ ದಾರಿಯೂ ಮುಚ್ಚುತ್ತದೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೆಲಸ ನಡೆಯುವುದು ಹೀಗೆ. ಉಕ್ಕಿನ ಗೋಡೆಯ ದೊಡ್ಡ ಚಳಿ ಚೇಂಬರಿನಲ್ಲಿ ನಾಲ್ಕು ಕಂಬಗಳಿವೆ. ಒಂದೊಂದು ಕಂಬದ ಮೇಲೆ ಕಾರಿನ ಒಂದೊಂದು ಚಕ್ರ ಕೂರುತ್ತದೆ. ಹೊರಗಿನ ಕಂಟ್ರೋಲ್ ರೂಮಿನಿಂದ ಟೆಕ್ನಿಷಿಯನ್ ಚಾಲೂ ಮಾಡಿದರೆ ಕಂಬಗಳು ಮೇಲೆ ಕೆಳಗೆ ಕುಣಿದು, ನಿಂತ ಕಾರಿಗೇ ಗುಂಡಿಬಿದ್ದ ರಸ್ತೆಯ ಅನುಭವ ಆಗುತ್ತದೆ. ಅದಕ್ಕೆ ಮುಂಚೆ ಕಾರನ್ನು ಇಡೀ ರಾತ್ರಿ ಚಳಿಯಲ್ಲಿ ನೆನೆಹಾಕಬೇಕು, ದೋಸೆಗೆ ಅಕ್ಕಿ ನೆನೆಹಾಕಿದಂತೆ. ಲ್ಯಾಬಿನಲ್ಲಿ ಇದಕ್ಕೆ ಸೋಕ್ ಅನ್ನುತ್ತೇವೆ. ಬೆಳಿಗ್ಗೆ ದಪ್ಪ ಜಾಕೆಟ್ಟು, ಟೋಪಿ ಹಾಕಿಕೊಂಡು ಒಬ್ಬರು ಕಾರಿನೊಳಗೆ ಕೂತು ಕೇಳಬೇಕು. ಸದ್ದು ಬಂದ ಕಡೆ ಅಂಗೈ ಒತ್ತಬೇಕು. ಒತ್ತಿದಾಗ ನಿಂತರೆ ಜಾಗ ಸಿಕ್ಕಿತು ಅಂತ ಅರ್ಥ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ರಿಪೇರಿ ಆದ ಮೇಲೆ ಒಂದು ಸೋಕ್ ಮಾಡಿ ಕೇಳಿ, ಕಾರನ್ನು ಬೆಚ್ಚಗಿನ ತೇವದ ಗಾಳಿಯಲ್ಲಿಟ್ಟು, ಮತ್ತೆ ಚಳಿಗೆ ಹಾಕಿ ಇನ್ನೊಮ್ಮೆ ಕೇಳಬೇಕು. ಎರಡನೇ ಸೋಕ್ ಆಗದೆ ಯಾವ ರಿಪೇರಿಯನ್ನೂ ನಂಬಬಾರದು. ಹೊಸಬರಿಗೆ ಇದನ್ನು ಕಲಿಸಿಕೊಡುವವಳೇ ನಾನು.

ಮೊದಲ ವಾರ ನಾವಿಬ್ಬರೂ ಸೇರಿ ಹುಡುಕಿದೆವು. ನಾನು ಡ್ರೈವರ್ ಸೀಟು, ಅವಳು ಪಕ್ಕದ್ದು. ನನ್ನ ಕಿವಿ ಸದ್ದಿನ ಹಿಂದೆ ಓಡುತ್ತಿದ್ದರೆ ಅವಳು ಸದ್ದು ಮಾಡದ ಭಾಗಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದಳು.

“ಗ್ಲೋವ್ ಬಾಕ್ಸ್ ಸುಮ್ನಿದೆ ಅಕ್ಕ, ಥ್ಯಾಂಕ್ ಗಾಡ್. ರೇಡಿಯೋನೂ ಪಾಪ ಸುಮ್ನಿದೆ.”

“ಸುಮ್ನಿದ್ದದ್ದು ಕಟಗೊಂಡು ಏನ್ ಮಾಡೂದೈತಿ? ಕಿರ್ ಅನ್ನೂದು ಎಲ್ಲೈತಿ ನೋಡು,” ಎಂದು ಗದರಿದೆ. ಆ ಚಳಿಯಲ್ಲೂ ಅವಳಿಗೆ ನಗು ಬರುತ್ತಿತ್ತು. ಬಾಯಿಂದ ಹೊಗೆ ಹೊಗೆಯಾಗಿ ಬರುವ ಆ ನಗು ನೋಡಿದರೆ ನನಗೆ ಇನ್ನಷ್ಟು ಚಳಿಯಾಗುತ್ತಿತ್ತು.

ಬುಧವಾರ ಜಾಗ ನನಗೇ ಸಿಕ್ಕಿತು. ಗಾಜಿನ ಬುಡದಲ್ಲಿ ಬಿಸಿಗಾಳಿ ಬರುವ ಜಾಲರಿ, ಅದರ ಅಂಚು ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆಗೆ ತಿಕ್ಕುತ್ತಿತ್ತು. ಅಂಚಿನುದ್ದಕ್ಕೂ ಫೆಲ್ಟ್ ಪಟ್ಟಿ ಅಂಟಿಸಿದೆ. ಫೆಲ್ಟ್ ಅಂದರೆ ಉಣ್ಣೆಯಂಥ ಮೆತ್ತನೆಯ ಬಟ್ಟೆ, ನಮ್ಮ ಕಸುಬಿನ ರಾಮಬಾಣ. ಗುರುವಾರ ಬೆಳಿಗ್ಗೆ ಮೊದಲ ಸೋಕ್ ಮುಗಿಸಿ ಕೇಳಿದೆವು. ಒಂದು ಚೂರೂ ಸದ್ದಿಲ್ಲ.

“ಅಕ್ಕ, ಸೂಪರ್! ಇವತ್ತು ತೇವಕ್ಕಿಟ್ಟು ರಾತ್ರಿ ಎರಡನೇ ಸೋಕ್ ಹಾಕ್ಲಾ?” ಎಂದಳು ಅವಳು.

ಮರುದಿನ ಶುಕ್ರವಾರ. ನನ್ನ ತಲೆಯಲ್ಲಿ ಆಗಲೇ ಕೂಟ ಸೇರಿತ್ತು. ಎರಡನೇ ಸೋಕ್‌ನಲ್ಲಿ ಏನಾದರೂ ಕೇಳಿಸಿಬಿಟ್ಟರೆ ಮತ್ತೆ ಆರೋಗ್ಯಕ್ಕೇ ಸ್ತೋತ್ರ ಹೇಳಬೇಕು. “ಸೋಮವಾರ ಹಾಕೂಣು. ಚೇಂಬರ್ ಬ್ಯಾರೇದವರಿಗೂ ಬೇಕಾಗೇತಿ,” ಎಂದೆ. ಚೇಂಬರ್ ಯಾರಿಗೂ ಬೇಕಾಗಿರಲಿಲ್ಲ. ಆತುರಗಾರರಿಗೆ ಬುದ್ಧಿ ಮಟ್ಟ ಅಂತ ನಮ್ಮವ್ವ ಹೇಳುತ್ತಿದ್ದಳು, ಬಹುಶಃ ನನ್ನನ್ನೇ ನೋಡಿ.

ಶುಕ್ರವಾರ ನನ್ನ ಸರದಿ ಬಂದಾಗ ಎದ್ದು ನಿಂತೆ. ಕೂತು ಹೇಳುವ ಪದ್ಧತಿ, ನಾನು ನಿಂತೇ ಹೇಳಿದೆ. ಒಂದು ವಾರದಿಂದ ಕಾಡಿದ ಸದ್ದು, ಎಲ್ಲಿ ಹುಡುಕಿದರೂ ಸಿಗದಿದ್ದದ್ದು, ದೇವರು ನನ್ನ ಕೈ ಹಿಡಿದು ಜಾಲರಿಯ ಅಂಚಿನ ಹತ್ತಿರ ಕರೆದೊಯ್ದದ್ದು, ಕೊನೆಗೆ ಬಂದ ನಿಶ್ಶಬ್ದ. ದೇವರು ಮಾಡಿದ್ದನ್ನು ಹೀಗೆ ಎಲ್ಲರ ಮುಂದೆ ಹೇಳುವುದಕ್ಕೆ ನಾವು ಸಾಕ್ಷಿ ಅನ್ನುತ್ತೇವೆ. ಒಳ್ಳೆಯ ಸಾಕ್ಷಿ ಅದು, ನಾನೇ ಹೇಳಬಾರದು. ಆಂಟಿಯೊಬ್ಬರು ಕಣ್ಣೊರೆಸಿಕೊಂಡರು. ಆಮೆನ್ ಗೋಡೆಗೆ ಬಡಿದು ವಾಪಸ್ ಬಂತು. ಹಾಸನದವಳ ಕಡೆ ನೋಡಿದೆ. ಅವಳೂ ಕೈ ತಟ್ಟುತ್ತಿದ್ದಳು, ನಿಜವಾದ ಖುಷಿಯಿಂದ. ಅದನ್ನು ಕಂಡು ನನ್ನ ಅರ್ಧ ಸಂತೋಷ ಅಲ್ಲೇ ಇಳಿದುಹೋಯಿತು. ಆಮೇಲೆ ಅವಳ ಸರದಿ. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರಲಿಲ್ಲವಂತೆ, ಅದಕ್ಕೆ ಸ್ತೋತ್ರ. ಇಡೀ ಕೋಣೆ ಮತ್ತೆ ನಕ್ಕಿತು.

ಊಟದ ಹೊತ್ತಿಗೆ ಹಿರಿಯರು ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. “ಏನಮ್ಮಾ, ಎಂಥ ಸಾಕ್ಷಿ! ಮುಂದಿನ ಶನಿವಾರ ಓಕ್ ಬ್ರೂಕ್‌ನಲ್ಲಿ ಶಿಕಾಗೋದವರ ಜೊತೆ ನಮ್ಮ ಜಂಟಿ ಸ್ತೋತ್ರ ಆರಾಧನೆ ಇದೆಯಲ್ಲ, ಅಲ್ಲಿ ನೀನೇ ಹೇಳಬೇಕು. ಅವರಿಗೆ ಫೋನ್ ಮಾಡಿ ಹೆಸರು ಕೊಟ್ಟೂ ಆಯ್ತು.”

ಎರಡು ಊರಿನ ಕನ್ನಡ ಸಭೆಯ ಮುಂದೆ ಮೈಕ್ ಹಿಡಿದು ನಾನು! ಮನೆಗೆ ಹೋಗುವಾಗ ದಾರಿಯ ಸಿಗ್ನಲ್ ಯಾವ ಬಣ್ಣದಲ್ಲಿತ್ತೆಂದು ನೋಡಲೂ ಇಲ್ಲ.

ಸೋಮವಾರ ತೇವಕ್ಕಿಟ್ಟು ಎರಡನೇ ಸೋಕ್ ಹಾಕಿದೆವು. ಮಂಗಳವಾರ ಬೆಳಿಗ್ಗೆ ಕಂಬಗಳು ಕುಣಿಯಲು ಶುರುಮಾಡಿದ ಅರೆಕ್ಷಣದಲ್ಲೇ ಕಿರ್ ಎಂದಿತು. ಮೊದಲಿಗಿಂತ ಜೋರಾಗಿ, ಈ ಸಲ ಎಡ ಬಲ ನಡು ಎಲ್ಲ ಕಡೆಯಿಂದ. ಹಾಸನದವಳು ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಾ ಕೂತಳು. ‘ಶುಕ್ರವಾರ ಸಾಕ್ಷಿ ಹೇಳಿದ್ರಲ್ಲ ಅಕ್ಕ’ ಎಂದು ಒಂದು ಮಾತು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಅದನ್ನೂ ಅನ್ನಲಿಲ್ಲ. ಒಳ್ಳೆಯತನದಲ್ಲೂ ನನಗಿಂತ ಮುಂದೆ!

ಅವತ್ತೆಲ್ಲ ಇನ್ನಷ್ಟು ಫೆಲ್ಟ್ ಅಂಟಿಸಿದೆ. ಮೇಲ್ಹೊದಿಕೆಯ ಅಂಚಿಗೆ, ಗಾಜಿನ ಎರಡೂ ಬದಿಯ ಚೌಕಟ್ಟಿನ ಬುಡಕ್ಕೆ, ಜಾಲರಿಯ ಹಲ್ಲುಗಳಿಗೆ. ಬುಧವಾರ ಬೆಳಿಗ್ಗೆ ಕೇಳಿದರೆ ಸದ್ದು ಜಾಗ ಬದಲಿಸಿತ್ತೇ ಹೊರತು ಹೋಗಿರಲಿಲ್ಲ.

“ಅಕ್ಕ, ಬೈಬೇಡಿ,” ಎಂದಳು ಅವಳು, ಕೈಗವಸು ಬಿಚ್ಚುತ್ತಾ. “ನಂಗೆ ಫೆಲ್ಟ್ ಮೇಲೇ ಡೌಟು. ತೇವ ಕುಡಿದು ಚಳೀಲಿ ಗಟ್ಟಿ ಆಗ್ತಿದೆ ಅನ್ಸುತ್ತೆ. ಎಲ್ಲಾ ತೆಗೆದು ನೋಡೋಣ್ವಾ?”

“ನಾನು ಫೆಲ್ಟ್ ಹಚ್ಚಾಕ ಹತ್ತಿದಾಗ ನೀ ಸ್ಕೂಲಿಗೆ ಹೊಂಟಿದ್ದಿ,” ಎಂದೆ.

ಅವಳು ಕೈಗವಸು ಜೇಬಿಗೆ ಹಾಕಿಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಜಾಲರಿಯ ಅಂಚಿನ ಪಟ್ಟಿಗೆ ಉಗುರು ಹಾಕಿದೆ. ಮೆತ್ತಗಿರಬೇಕಾದದ್ದು ಹಪ್ಪಳದಂತೆ ಸೆಟೆದು ನಿಂತಿತ್ತು, ತುದಿಯಲ್ಲಿ ಸಣ್ಣ ಮಂಜಿನ ಹರಳು. ಎರಡು ಬೆರಳಿನಲ್ಲಿ ತಿಕ್ಕಿದರೆ ಅದೇ ಕಿರ್. ನಾನೇ ಅಂಟಿಸಿದ ರಾಮಬಾಣ ನನ್ನ ಕೈಯಲ್ಲೇ ಕೂಗುತ್ತಿತ್ತು. ಮೊದಲ ಗುರುವಾರವೇ ಎರಡನೇ ಸೋಕ್ ಹಾಕಿದ್ದರೆ ಮರುದಿನವೇ ಇದು ಸಿಕ್ಕುತ್ತಿತ್ತು. ಒಂದು ಆಮೆನ್‌ನ ಆಸೆಗೆ ನಾಲ್ಕೈದು ದಿನ ಹಾಳು ಮಾಡಿದ್ದೆ. ಅದೂ ನನ್ನ ದಿನಗಳಾಗಿದ್ದರೆ ಬೇರೆ ಮಾತು, ಹೋಗುವುದು ಅವಳ ಕೆಲಸ.

ಫೆಲ್ಟನ್ನು ಹಾಗೇ ಬಿಟ್ಟು, ಅಂಟು ಸರಿಯಿಲ್ಲ ಎಂದು ಕಾರಣ ಹುಡುಕಲು ಇನ್ನೂ ಅವಕಾಶವಿತ್ತು. ಅಂಟಿನ ಮೇಲೆ ಹೊರಿಸಿದರೆ ಯಾರೂ ಕೇಳುವವರಿಲ್ಲ. ಆದರೆ ಸೋಮವಾರ ಬಂದೇ ಬರುತ್ತದೆ. ಎದ್ದು ಹೊರಗೆ ಹೋಗಿ ಮ್ಯಾನೇಜರಿಗೆ ಹೇಳಿದೆ: ನನ್ನ ಪರಿಹಾರವೇ ಸದ್ದು ಮಾಡುತ್ತಿದೆ, ಎಲ್ಲವನ್ನೂ ಕಿತ್ತು ಮೊದಲಿನಿಂದ ಶುರು ಮಾಡುತ್ತೇವೆ. ಅವನು ಕ್ಯಾಲೆಂಡರ್ ನೋಡಿದ, ನನ್ನನ್ನು ನೋಡಿದ, ಸರಿ ಎಂದ. ಆಮೇಲೆ ಹಾಸನದವಳ ಮೇಜಿನ ಹತ್ತಿರ ಹೋದೆ.

“ನೀ ಹೇಳಿದ್ದು ಖರೆ ಐತಿ. ಬಾ, ಎಲ್ಲಾ ಕೀಳೂಣು.”

ಅವಳು ಗೆದ್ದ ಮುಖ ಮಾಡಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಪಟ್ಟಿ ಕಿತ್ತು, ಅಂಟು ಒರೆಸಿದೆವು.

ಗುರುವಾರ ಬರಿಯ ಡ್ಯಾಶ್‌ಬೋರ್ಡು. ಸದ್ದು ಮೊದಲಿದ್ದಲ್ಲಿಗೇ ಬಂದಿತ್ತು. ನಾನು ಜಾಲರಿಯ ಹತ್ತಿರ ಬಗ್ಗಿದರೆ ಅವಳು ತನ್ನ ಹಳೇ ಚಾಳಿಯಂತೆ ಸುಮ್ಮನಿದ್ದ ಭಾಗಗಳನ್ನೇ ತಟ್ಟುತ್ತಾ ಹೋದಳು. ಫೆಲ್ಟ್ ಇಲ್ಲದಿದ್ದಾಗ ಮೇಲ್ಹೊದಿಕೆಯ ಬಲತುದಿ ಮಾತ್ರ ಎಂದೂ ಸದ್ದು ಮಾಡಿರಲಿಲ್ಲ. ಅಲ್ಲಿಯ ಸ್ಕ್ರೂ ಮೇಲೆ ಬೆರಳಿಟ್ಟು, ಇದು ಯಾಕೆ ಸುಮ್ಮನಿದೆ ಎಂದು ಯೋಚಿಸಿ, ಟೆಕ್ನಿಷಿಯನ್‌ನನ್ನು ಒಳಗೆ ಕರೆದು, ಸ್ಕ್ರೂಗಳನ್ನು ಯಾವ ಕಡೆಯಿಂದ ಬಿಗಿಯುತ್ತೀರಿ ಎಂದು ಕೇಳಿದಳು. ಎಡದಿಂದ ಬಲಕ್ಕೆ ಎಂದ ಅವನು. ಎಡ ಮೊದಲು ಕಚ್ಚಿಕೊಂಡು ನಡುಭಾಗ ಎಳೆದ ಹಾಗೆ ನಿಂತು ಚಳಿಯಲ್ಲಿ ಜಾಲರಿಗೆ ತಿಕ್ಕುತ್ತಿತ್ತು, ಬಲತುದಿ ಮಾತ್ರ ಆರಾಮಾಗಿ ಕೂರುತ್ತಿತ್ತು. ಎಲ್ಲ ಸ್ಕ್ರೂ ಸಡಿಲಿಸಿ, ನಡುವಿನದನ್ನು ಮೊದಲು ಬಿಗಿದು, ಅಲ್ಲಿಂದ ಎರಡೂ ಕಡೆಗೆ ಬಿಗಿಯುತ್ತಾ ಹೋದಳು. ಒಂದು ತುಂಡು ಪಟ್ಟಿ ಇಲ್ಲ, ಒಂದು ಹೊಸ ಭಾಗವಿಲ್ಲ. ಶುಕ್ರವಾರ ಬೆಳಿಗ್ಗೆ ಸೋಕ್ ಮುಗಿಸಿ ಕೇಳಿದೆವು. ಸದ್ದಿಲ್ಲ.

ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗುಡ್ಡ ಅಗೆದವಳು ನಾನು, ನಗುತ್ತಾ ತಿರುಗಿದವಳ ಕೈಗೆ ಇಲಿ ಸಿಕ್ಕಿತು ಅನ್ನಿಸಿತು.

ಉಳಿದದ್ದು ಎರಡನೇ ಸೋಕ್. ಅದು ಮುಗಿಯುವುದು ಶನಿವಾರ ಬೆಳಿಗ್ಗೆ, ಓಕ್ ಬ್ರೂಕ್‌ನ ಆರಾಧನೆಯ ಹೊತ್ತಿಗೆ. ಯಾರಾದರೊಬ್ಬರು ಉಳಿದು ಕೇಳಲೇಬೇಕು.

“ನಾನಿರ್ತೀನಿ ಅಕ್ಕ, ನೀವು ಹೋಗಿ. ನಿಮ್ಮ ಸಾಕ್ಷಿ ಇದೆಯಲ್ಲ,” ಎಂದಳು.

“ಯಾ ಬಾಯಿಲೆ ಹೇಳಲಿ? ನೀ ಹೋಗು. ನಮ್ಮ ಮನಿಯವರ ಕಾರಿನಾಗ ಜಾಗ ಐತಿ.”

“ನಿಮ್ಮ ಹೆಸರು ಕರೆದ್ರೆ ಏನು ಹೇಳ್ಲಿ?”

“ಫೋನ್ ಹಚ್ಚು. ಏನ್ ಕೇಳಸ್ತೈತೋ ಅದನ್ನ ಹೇಳತೇನಿ.”

ಶುಕ್ರವಾರ ಮಧ್ಯಾಹ್ನವೇ ಅವಳು, ನನ್ನ ಗಂಡ, ಮಗಳು ಹೊರಟು ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಪರಿಚಯದವರ ಮನೆಯಲ್ಲಿ ಉಳಿದರು. ಶನಿವಾರ ನಾನೊಬ್ಬಳೇ ಚೇಂಬರಿನೊಳಗೆ ಹೋಗಿ ಕೂತೆ. ಟೆಕ್ನಿಷಿಯನ್ ಹೊರಗಿನಿಂದ ಕಂಬಗಳನ್ನು ಚಾಲೂ ಮಾಡಿದ. ಮೊದಲು ಸಣ್ಣ ಗುಂಡಿಗಳು, ಆಮೇಲೆ ರೈಲು ಹಳಿ ದಾಟಿದಂತೆ, ಆಮೇಲೆ ಜಲ್ಲಿ ರಸ್ತೆ.

ಕಿವಿಗೊಟ್ಟೆ. ಕಂಬಗಳ ಗುಂಯ್ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಸುತ್ತು ಓಡಿಸಲು ಹೇಳಿದೆ. ಇಲ್ಲ. ಮೂರನೇ ಸುತ್ತು ಕೇಳಬೇಕಾದ ಅಗತ್ಯ ಇರಲಿಲ್ಲ, ಆದರೂ ಕೇಳಿದೆ. ಯಾಕೆಂದು ಆಗ ತಿಳಿಯಿತು. ಒಂದೇ ಒಂದು ಸಲ ಕಿರ್ ಎನ್ನಲಿ ಎಂದು ಕಾಯುತ್ತಿದ್ದೆ. ಅಂದರೆ ಅವಳ ಕೆಲಸ ಹೋಗುತ್ತದೆ, ಗಂಡ ಬರುವುದಿಲ್ಲ, ಲ್ಯಾಬಿಗೂ ನಷ್ಟ. ಎಲ್ಲ ಗೊತ್ತಿದ್ದೂ ಕಾದೆ. ಬೈಬಲ್ ಹಿಡಿದು ಬೆಳೆದ ಗದಗಿನ ಹೆಣ್ಣುಮಗಳು ನಾನು! ಮೂರನೇ ಸುತ್ತೂ ಮುಗಿಯಿತು. ಡ್ಯಾಶ್‌ಬೋರ್ಡು ಬಾಯಿ ಬಿಡಲಿಲ್ಲ.

ಒಳಗೆ ಫೋನ್ ಸಿಗುವುದಿಲ್ಲ. ಹೊರಗೆ ಬಂದು ಕಂಟ್ರೋಲ್ ರೂಮಿನಲ್ಲಿ ಜಾಕೆಟ್ ಬಿಚ್ಚುವಷ್ಟರಲ್ಲಿ ಅದು ಬಡಿದುಕೊಳ್ಳತೊಡಗಿತು.

“ಅಕ್ಕ, ಈಗ ತಾನೇ ನಿಮ್ಮ ಹೆಸರು ಕರೆದ್ರು. ಸ್ಪೀಕರ್ ಆನ್ ಮಾಡಿ ಮೈಕ್ ಹತ್ರ ಹಿಡಿದಿದೀನಿ, ಎಲ್ಲರಿಗೂ ಕೇಳಿಸ್ತಿದೆ. ಸದ್ದು ಬಂತಾ?”

“ಇಲ್ಲ. ಬರಲಿಲ್ಲ,” ಎಂದೆ.

ಆ ಕಡೆ ಚಪ್ಪಾಳೆ, ಹಲ್ಲೆಲೂಯ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಒಳ್ಳೆಯ ಸಾಕ್ಷಿಯೆಂದು ಊಟದ ಹೊತ್ತಿಗೆ ನಾಲ್ಕು ಜನ ಮಾತಾಡುತ್ತಿದ್ದರು. ನನ್ನ ಗಂಡ, ಮಗಳು ಆ ಸಭೆಯಲ್ಲೇ ಕೂತಿದ್ದಾರೆಂಬುದೂ ನೆನಪಿತ್ತು.

“ತಡೀರಿ, ಚಪ್ಪಾಳಿ ಬ್ಯಾಡ,” ಎಂದೆ. “ಹೋದ ಶುಕ್ರವಾರ ನಾ ಸ್ತೋತ್ರ ಹೇಳಿದ ಮ್ಯಾಲೆ ಆ ಸದ್ದು ತಿರುಗಿ ಬಂತು. ಪೂರಾ ಪರೀಕ್ಷಾ ಮಾಡದ ಅವಸರ ಮಾಡಿ ಹೇಳಿದ್ದೆ. ಈಗ ಅದನ್ನ ನಿಲ್ಲಿಸಿದಾಕಿ ನಾನಲ್ಲ, ನಿಮ್ಮ ಮುಂದ ಫೋನ್ ಹಿಡಕೊಂಡು ನಿಂತಾಳಲ್ಲ, ಆಕಿ. ಆಕಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಆಕಿ ಕೆಲಸ ಕಂಡು ಅಲ್ಲ, ಆಕಿ ಹೆಂಗ ಅಷ್ಟು ಖುಷಿ ಇರತಾಳ ಅಂತ. ಇವತ್ತ ಕಾರಿನಾಗ ಕುಂತು, ಒಂದ್ ಸಲರೆ ಕಿರ್ ಅನ್ಲಿ ಅಂತ ಕಾದೆ. ದೇವರು ಅನ್ನಿಸಲಿಲ್ಲ. ಅದಕ್ಕ ಸ್ತೋತ್ರ.”

ಆಮೆನ್ ಬರಲಿಲ್ಲ. ಯಾರೋ ಕೆಮ್ಮಿದರು, ಕುರ್ಚಿಯೊಂದು ಸರಿದದ್ದು ಕೇಳಿಸಿತು. ಟೆಕ್ನಿಷಿಯನ್ ಭಾಷೆ ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದ. ಲೈನ್ ಕಟ್ಟಾಯಿತೇನೋ ಎಂದು ಫೋನ್ ನೋಡಿಕೊಂಡೆ. ಆಗ ಅವಳ ದನಿ ಬಂತು, ನನಗೆ ಹೇಳುತ್ತಿದ್ದಾಳೋ ಸಭೆಗೋ ಗೊತ್ತಾಗಲಿಲ್ಲ.

“ಇವತ್ತು ನನ್ ಹತ್ರ ಹೇಳೋಕೆ ಏನೂ ಇರ್ಲಿಲ್ಲ. ಡೆಸ್ ಪ್ಲೇನ್ಸಿಂದ ಬರೋವಾಗ ದಾರಿಯುದ್ದಕ್ಕೂ ಹುಡುಕ್ದೆ, ಸಿಗ್ಲಿಲ್ಲ. ಎಷ್ಟೋ ವಾರ ಹಾಗೇನೇ, ಕೂಟಕ್ಕೆ ಬರೋ ಹೊತ್ತಿಗೆ ಹೇಗೋ ಒಂದು ಈರುಳ್ಳೀನೋ ಸಿಗ್ನಲ್ಲೋ ಹುಡುಕ್ಕೊಂಡು ಬರ್ತೀನಿ.” ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನ್ನ ಕಿವಿಗೂ ತಿಳಿಯಲಿಲ್ಲ. “ಈ ಎರಡು ವರ್ಷದಲ್ಲಿ ಎಲ್ಲಿ ಹೋದ್ರೂ ಎಲ್ಲರೂ ನನ್ನ ನೋಡಿ ಪಾಪ ಅಂತಾರೆ. ಆಂಟಿ, ನೀವೂ ಅಂತೀರ. ಅಂಕಲ್, ನೀವೂ. ನನ್ನ ನೋಡಿ ಹೊಟ್ಟೆ ಉರ್ಕೊಳ್ಳೋರೂ ಒಬ್ರು ಇದಾರೆ ಅಂತ ಇವತ್ತು ಗೊತ್ತಾಯ್ತು. ದೇವರಿಗೆ ಸ್ತೋತ್ರ.”

ಆಗ ಬಂತು ನೋಡಿ ಆಮೆನ್, ಫೋನಿನ ಸ್ಪೀಕರ್ ಒಡೆಯುವ ಹಾಗೆ, ನಗುವಿನ ಜೊತೆ. ಕಂಟ್ರೋಲ್ ರೂಮಿನಲ್ಲಿ ನಿಂತು ನಾನೂ ಆಮೆನ್ ಎಂದು ಕೂಗಿದೆ. ಕೂಗಿದ ಮರುಗಳಿಗೆಯೇ ಹೊಟ್ಟೆ ಮತ್ತೆ ಚುರ್ ಎಂದಿತು: ನನ್ನ ಹೊಟ್ಟೆಕಿಚ್ಚನ್ನೂ ಅವಳೇ ಸ್ತೋತ್ರ ಮಾಡಿಕೊಂಡುಬಿಟ್ಟಳಲ್ಲ!